ಗಿರಣಿ ಗಿಡ್ಡಯ್ಯ ಹೇಳಿ ಹೋದದ್ದು

ಹೊನ್ನವಳ್ಳಿ ದಾಟಿ ಮುಂದೆ ಹೋದರೆ ಸಿಗುವ ಮಾವಿನಕಟ್ಟೆಯಲ್ಲಿ ಗಿಡ್ಡಯ್ಯ ಎಲ್ಲಿ ಎಂದು ಕೇಳಿದರೆ, ಯಾವ ಗಿಡ್ಡಯ್ಯ ಎಂದು ತಿರುಗಿ ಕೇಳುತ್ತಿದ್ದರು. ಗಿರಣಿ ಗಿಡ್ಡಯ್ಯ ಎಂದರೆ ಮಾತ್ರ ಮಕ್ಕಳೂ ಕೈ ತೋರಿಸುತ್ತಿದ್ದವು. ಹೆಸರು ಗಿಡ್ಡಯ್ಯನಾದರೂ ಆಳು ಉದ್ದ. ಗಿರಣಿಯ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಹೋಗಲು ಆಗುತ್ತಿರಲಿಲ್ಲ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲವೂ ರಾಗಿ ಹಿಟ್ಟಿನ ಬಣ್ಣ. ನಲವತ್ತು ತುಂಬುವ ಮೊದಲೇ ಮುದುಕನ ಹಾಗೆ ಕಾಣುತ್ತಿದ್ದ. ಸಂಜೆ ನೀರು ಹುಯ್ದುಕೊಂಡು ಬಂದನೆಂದರೆ ಹೆಂಡತಿ ಪುಟ್ಟಗಂಗಮ್ಮನಿಗೇ ಯಾರೋ ನೆಂಟರು ಬಂದ ಹಾಗಾಗುತ್ತಿತ್ತು.

ಗಿರಣಿ ಅವನದಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಮಲ್ಲಿಕಾರ್ಜುನಯ್ಯನವರದು. ಮಾವಿನಕಟ್ಟೆ ಅವರ ತಾಯಿಯ ತವರು. ಅಲ್ಲಿ ಅವರಿಗೊಂದು ತೋಟವೂ ಇತ್ತು. ಊರಿಗೆ ಕರೆಂಟು ಬಂದ ವರ್ಷ ಅವರು ತೋಟದ ಮಗ್ಗುಲಲ್ಲೇ ಒಂದು ಶೆಡ್ಡು ಹಾಕಿಸಿ ಹಿಟ್ಟಿನ ಗಿರಣಿ ಕೂರಿಸಿದರು. ಆಗ ಗಿಡ್ಡಯ್ಯ ಅದೇ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ ಹುಡುಗ. ಮೋಟಾರು ಕೂರಿಸಲು ಬಂದ ಮೇಸ್ತ್ರಿಯ ಹಿಂದೆ ಮುಂದೆ ಇವನು ಸುತ್ತುವುದನ್ನು ನೋಡಿ ಮಲ್ಲಿಕಾರ್ಜುನಯ್ಯನವರೇ, 'ಬಾರ್ಲಾ, ಇದನ್ನ ಹಿಡ್ಕೊ' ಎಂದು ಅವನ ಕೈಗೆ ಸ್ಪ್ಯಾನರು ಕೊಟ್ಟಿದ್ದರು. ಆ ಮಾತನ್ನು ಗಿಡ್ಡಯ್ಯ ಮರೆತಿರಲಿಲ್ಲ. ಮರೆಯಲು ಅವರೂ ಬಿಡುತ್ತಿರಲಿಲ್ಲ.

ಮೊದಲ ಕೆಲವು ವರ್ಷ ಗಿರಣಿ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದೊಂದಾಗಿ ಕೆಡುತ್ತ ಬಂತು. ಬೀಸುವ ಕಲ್ಲು ಸವೆದು ನುಣ್ಣಗಾಯಿತು. ಎಷ್ಟು ಬಿಗಿ ಮಾಡಿದರೂ ಹಿಟ್ಟು ತರಿತರಿಯಾಗಿ ಬೀಳುತ್ತಿತ್ತು. ಬೆಲ್ಟು ಹರಿದು, ಹೊಲಿದು, ಮತ್ತೆ ಹರಿದು, ಯಾವುದು ಬೆಲ್ಟು ಯಾವುದು ಹೊಲಿಗೆ ಎಂದು ಗೊತ್ತಾಗದ ಹಾಗಾಗಿತ್ತು. ಶೆಡ್ಡಿಗೆ ಒಂದೇ ಬಾಗಿಲು, ಕಿಟಕಿ ಇಲ್ಲ. ಹಿಟ್ಟಿನ ದೂಳು ಒಳಗೇ ಸುತ್ತಿ ಗಿಡ್ಡಯ್ಯನ ಎದೆಯಲ್ಲಿ ಕೂರುತ್ತಿತ್ತು. ಬೆಳಗ್ಗೆ ಎದ್ದ ಕೂಡಲೆ ಅವನು ಜಗಲಿಯ ಕಂಬ ಹಿಡಿದುಕೊಂಡು ಕೆಮ್ಮುವುದನ್ನು ಕೇಳಿಯೇ ಪಕ್ಕದ ಮನೆಯವರು ಒಲೆ ಹಚ್ಚುತ್ತಿದ್ದರು.

ಇದನ್ನೆಲ್ಲ ಅವನು ಯಜಮಾನರಿಗೆ ಹೇಳದೆ ಇರಲಿಲ್ಲ. ತಿಪಟೂರಿಗೆ ಹೋದಾಗಲೆಲ್ಲ ಹೇಳುತ್ತಿದ್ದ. ಕಲ್ಲಿಗೆ ಉಳಿ ಹೊಡೆಸಬೇಕು ಎಂದರೆ, 'ಹೊಡ್ಸೋಣ ಬುಡು' ಎನ್ನುತ್ತಿದ್ದರು. ಬೆಲ್ಟು ಹೊಸದು ಬೇಕು ಎಂದರೆ, 'ತರ್ಸೋಣ ಬುಡು.' ಗೋಡೆಗೆ ಒಂದು ಕಿಟಕಿ ಒಡೆಸಿ ಎಂದರೆ, 'ಅದೇನ್ ಮಹಾ, ಮಾಡ್ಸೋಣ ಬುಡು.' ಇಲ್ಲ ಎಂಬ ಮಾತು ಅವರ ಬಾಯಲ್ಲಿ ಒಂದು ಸಲವೂ ಬಂದದ್ದಿಲ್ಲ. ಗಿಡ್ಡಯ್ಯನಿಗೆ ಸಿಟ್ಟು ಬರುತ್ತಿದ್ದುದೇ ಇದಕ್ಕೆ. ಇಲ್ಲ ಎನ್ನುವವರ ಹತ್ತಿರ ಜಗಳವಾದರೂ ಆಡಬಹುದು. ಆಯ್ತು ಎನ್ನುವವರ ಹತ್ತಿರ ಏನು ಆಡುವುದು? ಮೇಲಿಂದ ಕಾಫಿ ತರಿಸುತ್ತಾರೆ, ಹೆಂಡತಿ ಹೇಗಿದ್ದಾಳೆ ಎಂದು ಕೇಳುತ್ತಾರೆ, ಹೊರಡುವಾಗ ಒಂದು ಚೀಲದಲ್ಲಿ ಕೊಬ್ಬರಿ ಹಾಕಿಸಿ ಕೊಡುತ್ತಾರೆ. ಅದನ್ನು ಹೊತ್ತುಕೊಂಡು ಬಸ್ಸು ಹತ್ತಿದ ಮೇಲೆ ಇವನಿಗೆ ನೆನಪಾಗುತ್ತಿತ್ತು, ಬೆಲ್ಟಿನ ಮಾತು ಅಲ್ಲಿಗೇ ನಿಂತಿತು ಎಂದು.

ಊರಿನವರಿಗೆ ಇದೊಂದೂ ಬೇಕಿರಲಿಲ್ಲ. ಹಿಟ್ಟು ತರಿಯಾದರೆ ಗಿಡ್ಡಯ್ಯನದೇ ತಪ್ಪು. ಊರಾಚೆ ತಮ್ಮದೇ ತೋಟದ ಮನೆಯಲ್ಲಿದ್ದ ಕಲ್ಲಮ್ಮನವರಂತೂ ಹಿಟ್ಟನ್ನು ಅಂಗೈಯಲ್ಲಿ ಹಾಕಿ ತಿಕ್ಕಿ ನೋಡದೆ ಡಬ್ಬ ಎತ್ತುತ್ತಿರಲಿಲ್ಲ. 'ಇದೇನ್ ಹಿಟ್ಟೋ ಮರಳೋ ಗಿಡ್ಡಯ್ಯ? ಮುದ್ದೆ ಒಡ್ಕೊಂಡು ಹೋಯ್ತದೆ ಕಣಪ್ಪ' ಎಂದು ಎಲ್ಲರ ಮುಂದೆ ಹೇಳುವರು. ಕಲ್ಲು ಸವೆದಿದೆ ಎಂದು ಇವನು ಹೇಳಿದರೆ, 'ನಿನ್ ಮೈ ಸವೆದಿಲ್ವಲ್ಲ' ಎಂದು ನಗುವರು. ಸುತ್ತ ನಿಂತವರೂ ನಗುವರು. ಗಿಡ್ಡಯ್ಯ ಮುಂದಿನ ಡಬ್ಬವನ್ನು ಎತ್ತಿ ಗಿರಣಿಯ ಬಾಯಿಗೆ ಸುರಿಯುವನು.

ಎಂಬತ್ತಮೂರೋ ಎಂಬತ್ತನಾಲ್ಕೋ, ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬೆಲ್ಟು ಓಡುತ್ತಿರುವಾಗಲೇ ಕಿತ್ತುಕೊಂಡು ಚಾಟಿಯ ಹಾಗೆ ಬಂದು ಗಿಡ್ಡಯ್ಯನ ಹೆಗಲಿಗೆ ಬಡಿಯಿತು. ಅವನು ರಾಗಿ ಚೀಲದ ಮೇಲೆ ಬಿದ್ದ. ಅಂಗಿ ಹರಿದು, ಹೆಗಲಿನಿಂದ ಬೆನ್ನಿನವರೆಗೆ ಬರೆ ಎದ್ದಿತು. ಒಂದು ಗೇಣು ಮೇಲೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು. ಪುಟ್ಟಗಂಗಮ್ಮ ಬೆನ್ನಿಗೆ ಅರಿಸಿನ ಎಣ್ಣೆ ಹಚ್ಚಿ, ಹರಿದ ಅಂಗಿ ಹೊಲಿಯಲು ಕೂತಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗಿತ್ತು.

ವಿಷಯ ತಿಳಿದು ನೋಡಲು ಬಂದವನು ಅವಳ ಅಣ್ಣ ತಿಮ್ಮಯ್ಯ. ತುರುವೇಕೆರೆಯಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುವ ಅಂಗಡಿ ಹಾಕಲು ಅವನು ಮಳಿಗೆ ಹಿಡಿದಿದ್ದ. ಎಲ್ಲಿ ನೋಡಿದರೂ ಬೋರು ಕೊರೆಸುತ್ತಿದ್ದ ಕಾಲ. ಮೋಟಾರು ಸುಟ್ಟರೆ ಜನ ತುಮಕೂರಿಗೆ ಹೊತ್ತುಕೊಂಡು ಹೋಗುತ್ತಿದ್ದರು.

'ನಂಗೆ ಮೋಟಾರಿನ್ ಕೆಲ್ಸ ಗೊತ್ತಿರೋ ಆಳು ಬೇಕು, ಭಾವ. ನೀನು ಬಂದ್ರೆ ಸರಿ. ಇಲ್ಲ ಅಂದ್ರೆ ನಿಟ್ಟೂರಿನೋನು ಒಬ್ಬ ಬತ್ತೀನಿ ಅಂತವ್ನೆ. ಹಿರಿಯರ ಹಬ್ಬ ಕಳೆದ್ ಸೋಮವಾರ ಅಂಗಡಿ ಬಾಗ್ಲು ತೆಗೀತೀನಿ. ಅವತ್ತು ನೀನು ಅಲ್ಲಿರ್ಬೇಕು,' ಎಂದ ತಿಮ್ಮಯ್ಯ.

ಗಿಡ್ಡಯ್ಯ ಆಗಲೇ ಒಪ್ಪಿಕೊಂಡ. ಹೋಗುವುದೋ ಬಿಡುವುದೋ ಎಂಬ ಪ್ರಶ್ನೆ ಅವನಿಗೆ ಇರಲೇ ಇಲ್ಲ. ಇದ್ದ ಪ್ರಶ್ನೆ, ಹೇಳಿ ಹೋಗುವುದೋ ಹೇಳದೆ ಹೋಗುವುದೋ ಎಂಬುದು.

ಪುಟ್ಟಗಂಗಮ್ಮ ಅವತ್ತೇ ತನ್ನ ಮಾತು ಹೇಳಿಬಿಟ್ಟಳು. 'ಹೇಳ್ಬ್ಯಾಡಿ. ಬೀಗ ಹಾಕಿ, ಬೀಗದಕೈ ಯಾರ ಕೈಲಾದ್ರೂ ಮಂಡಿಗೆ ಕಳ್ಸಿ, ಬಸ್ ಹತ್ತೋದೆ. ತಿಪ್ಪಯ್ಯನ ಗತಿ ನೋಡಿಲ್ವಾ ನೀವು?'

ತಿಪ್ಪಯ್ಯ ಯಜಮಾನರ ಮಂಡಿಯಲ್ಲಿ ಕೊಬ್ಬರಿ ತೂಗುತ್ತಿದ್ದವನು. ಅರಸೀಕೆರೆಯಲ್ಲಿ ಬೇರೆ ಕೆಲಸ ಸಿಕ್ಕಿತೆಂದು ನ್ಯಾಯವಾಗಿ ಒಂದು ತಿಂಗಳು ಮುಂಚೆ ಹೇಳಿದ. 'ಆಯ್ತು ಹೋಗಪ್ಪ, ಒಬ್ಬ ಸಿಗ್ಲಿ' ಎಂದರು ಮಲ್ಲಿಕಾರ್ಜುನಯ್ಯನವರು. ತಿಂಗಳು ಕಳೆಯಿತು, ಯಾರೂ ಸಿಗಲಿಲ್ಲ. ಯಾರನ್ನೂ ಹುಡುಕಿರಲೂ ಇಲ್ಲ. ಅಷ್ಟರಲ್ಲಿ ಅರಸೀಕೆರೆಯ ಕೆಲಸ ಇನ್ನೊಬ್ಬನ ಪಾಲಾಯಿತು. ತಿಪ್ಪಯ್ಯ ಇನ್ನೂ ಮಂಡಿಯಲ್ಲೇ ತಕ್ಕಡಿ ಹಿಡಿದು ನಿಂತಿದ್ದ. ಯಜಮಾನರು ಅವನ ಬೆನ್ನು ತಟ್ಟಿ, 'ನೋಡು, ಇವನು ಬುಟ್ಟೋಗ್ತೀನಿ ಅಂದಿದ್ದ. ಮನಸ್ಸು ಬರ್ಲಿಲ್ಲ' ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಗಿಡ್ಡಯ್ಯನಿಗೆ ಹೆಂಡತಿಯ ಮಾತು ಸರಿ ಎಂದೇ ಕಂಡಿತು. ಆದರೂ ಕಳ್ಳನ ಹಾಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಸ್ಪ್ಯಾನರು ಕೊಟ್ಟವರು ಎಂಬುದು ಒಂದು. ಇನ್ನೊಂದು, ತಾನು ಯಾವ ತಪ್ಪನ್ನೂ ಮಾಡದೆ, ತಪ್ಪು ಮಾಡಿದವನ ಹಾಗೆ ಊರು ಬಿಡಬೇಕೇ ಎಂಬ ರೋಷ. ಹೇಳಿಯೇ ಹೋಗುತ್ತೇನೆ ಎಂದು ತೀರ್ಮಾನಿಸಿ, ಕೊಬ್ಬರಿ ಹರಾಜಿನ ದಿನ ತಿಪಟೂರಿಗೆ ಹೋದ.

ಅದು ದಿನ ನೋಡದೆ ಹೋದ ತಪ್ಪು. ಮಂಡಿಯ ಮುಂದೆ ಗಾಡಿಗಳು, ಲಾರಿಗಳು, ಚೀಲ ಹೊರುವವರು. ಮಲ್ಲಿಕಾರ್ಜುನಯ್ಯನವರು ಗಾದಿಯ ಮೇಲೆ ಕೂತು ಒಂದು ಉಂಡೆ ಕೊಬ್ಬರಿ ಒಡೆಸಿ ಬಾಯಿಗೆ ಹಾಕಿಕೊಂಡು, ಉತ್ತರದ ಕಡೆಯಿಂದ ಬಂದ ವ್ಯಾಪಾರಿಯೊಬ್ಬನ ಹತ್ತಿರ ಮುರುಕು ಹಿಂದಿಯಲ್ಲಿ ಮಾತಾಡುತ್ತಿದ್ದರು. ಗಿಡ್ಡಯ್ಯನನ್ನು ನೋಡಿ ಮುಖ ಅರಳಿಸಿದರು.

'ಬಾರ್ಲಾ, ಸರಿಯಾದ್ ಟೈಮಿಗೆ ಬಂದೆ. ಒಳಗೆ ಫ್ಯಾನು ನಿಂತೋಗೈತೆ, ಒಂದ್ ಕೈ ನೋಡು.'

ಗಿಡ್ಡಯ್ಯ ಸ್ಟೂಲು ಹತ್ತಿ ಫ್ಯಾನು ಬಿಚ್ಚಿದ. ಅದು ಮುಗಿಯುವಷ್ಟರಲ್ಲಿ ಊಟ ಬಂತು. ಊಟವಾದ ಮೇಲೆ ಹತ್ತಿರ ಹೋಗಿ, 'ಯಜಮಾನ್ರೆ, ಒಂದ್ ಮಾತಿತ್ತು' ಎಂದ.

'ಬೆಲ್ಟು ತಾನೆ? ತರ್ಸೋಣ ಬುಡು.'

'ಬೆಲ್ಟಲ್ಲ. ನಾನು ಕೆಲ್ಸ ಬುಡ್ಬೇಕು ಅಂತಿದ್ದೀನಿ.'

ಅಷ್ಟರಲ್ಲಿ ಯಾರೋ ಬಂದು ಲಾರಿ ತುಂಬಿತು ಎಂದರು. ಯಜಮಾನರು ಎದ್ದು ಹೊರಗೆ ಹೋದರು. ಗಿಡ್ಡಯ್ಯ ಕೊನೆಯ ಬಸ್ಸಿನ ಹೊತ್ತಿನವರೆಗೆ ಕಾದು, ಕೈಯಲ್ಲಿ ಕೊಬ್ಬರಿಯ ಚೀಲ ಹಿಡಿದುಕೊಂಡು ಹಿಂದಕ್ಕೆ ಬಂದ. ಪುಟ್ಟಗಂಗಮ್ಮ ಚೀಲ ನೋಡಿದಳು, ಅವನ ಮುಖ ನೋಡಿದಳು. 'ಹೇಳ್ಲಿಲ್ಲ' ಎಂದು ತಾನೇ ಹೇಳಿ ಒಳಗೆ ಹೋದಳು.

ಮುಂದಿನ ವಾರ ಮತ್ತೆ ಹೋದ. ಈ ಸಲ ಮಂಡಿಗೆ ಹೋಗದೆ, ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ಮನೆಗೇ ಹೋದ. ವಿಭೂತಿ ಹಚ್ಚಿಕೊಂಡು ಹೊರಗೆ ಬಂದ ಯಜಮಾನರ ಮುಂದೆ ನಿಂತು, ಕಾಫಿ ಬರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟ. ತುರುವೇಕೆರೆ, ತಿಮ್ಮಯ್ಯನ ಅಂಗಡಿ, ಹಬ್ಬ ಕಳೆದ ಸೋಮವಾರ. ಹೆಗಲ ಮೇಲಿನ ಬರೆಯನ್ನೂ ಅಂಗಿ ಸರಿಸಿ ತೋರಿಸಿದ.

ಅವರು ಲೊಚಗುಟ್ಟಿದರು. 'ಅಯ್ಯಯ್ಯೋ ಪಾಪ. ಔಷ್ದಿ ಹಚ್ಚಿದ್ಯಾ? ಹೋಗ್ವಿಯಂತೆ ಬುಡೋ, ಯಾರ್ ಬ್ಯಾಡ ಅಂತಾರೆ. ನಮ್ ಹುಡ್ಗ ಮುಂದ್ಕೆ ಬಂದ್ರೆ ನಮ್ಗೆ ಸಂತೋಷ ಅಲ್ವಾ. ಒಬ್ಬ ಸಿಗ್ಲಿ, ಅವನಿಗೆ ಒಂದಿಷ್ಟು ಕಲ್ಸಿಕೊಟ್ಟು ಹೋಗು.'

'ಹಬ್ಬದೊಳಗೆ ಒಬ್ಬನ್ನ ಕಳಿಸ್ತೀರಾ ಯಜಮಾನ್ರೆ?'

'ಕಳ್ಸೋಣ ಬುಡು.'

ಆ ಮಾತು ಕಿವಿಗೆ ಬಿದ್ದ ಕೂಡಲೆ ಗಿಡ್ಡಯ್ಯನಿಗೆ ತಿಪ್ಪಯ್ಯ ನೆನಪಾದ. ಆದರೂ ಹೇಳಿದ್ದಾಯಿತು, ತನ್ನ ಧರ್ಮ ತಾನು ಮಾಡಿದ್ದಾಯಿತು ಎಂದು ಸಮಾಧಾನ ಮಾಡಿಕೊಂಡು ಬಂದ.

ಯಾರೂ ಬರಲಿಲ್ಲ. ಹೊನ್ನವಳ್ಳಿ ಕಡೆಯ ಬಸ್ಸು ಬಂದಾಗಲೆಲ್ಲ ಅವನು ಗಿರಣಿಯ ಬಾಗಿಲಿಗೆ ಬಂದು, ಹೊಸ ಆಳು ಯಾರಾದರೂ ಇಳಿದರೇ ಎಂದು ಇಣುಕುತ್ತಿದ್ದ. ಇಳಿಯುವವರು ಅದೇ ಊರಿನವರು, ಅದೇ ಸಂತೆಯ ಚೀಲಗಳು. ಎರಡು ಸಲ ಬಸ್ಸಿನ ಕಂಡಕ್ಟರನ ಹತ್ತಿರ ಮಂಡಿಗೆ ಹೇಳಿ ಕಳಿಸಿದ. ಎರಡು ಸಲವೂ ಒಂದೇ ಉತ್ತರ ಬಂತು: 'ಕಳಿಸ್ತಾರಂತೆ.' ಇತ್ತ ತಿಮ್ಮಯ್ಯನೂ ಹೇಳಿ ಕಳಿಸಿದ, ನಿಟ್ಟೂರಿನವನು ಬಂದು ಕೇಳಿಕೊಂಡು ಹೋದ ಎಂದು.

'ತಿಪ್ಪಯ್ಯನ ಪಕ್ಕದಲ್ಲಿ ಇನ್ನೊಂದ್ ತಕ್ಕಡಿ ಇಟ್ಕೊಳ್ಳಿ, ಜೊತೆ ಆಯ್ತದೆ' ಎಂದಳು ಪುಟ್ಟಗಂಗಮ್ಮ. ಅವನು ತಟ್ಟೆಯನ್ನು ತಳ್ಳಿ ಎದ್ದುಹೋದ. ಅವಳ ಮೇಲೆ ಸಿಟ್ಟಲ್ಲ. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೆ ಸಿಟ್ಟು. ಆ ದಿನ ಅವನೂ ನಿಶ್ಚಯ ಮಾಡಿದ. ಇನ್ನು ಯಾರಿಗೂ ಹೇಳುವುದಿಲ್ಲ. ಸೋಮವಾರದೊಳಗೆ ಬೀಗ ಹಾಕುವುದು, ಹೋಗುವುದು.

ಆದರೆ ಹಬ್ಬದ ವಾರ ಬಂದಾಗ ಆದದ್ದೇ ಬೇರೆ. ಬುಧವಾರ ಬೆಳಗ್ಗೆ ಗಿರಣಿಯ ಮುಂದೆ ಡಬ್ಬಗಳ ಸಾಲು ರಸ್ತೆಯವರೆಗೆ ಹೋಗಿತ್ತು. ರಾಗಿ, ಕಜ್ಜಾಯದ ಅಕ್ಕಿ, ಚಕ್ಕುಲಿ ಹಿಟ್ಟಿಗೆ ಹುರಿದು ತಂದದ್ದು. ಕರೆಂಟು ಬಂದು ಬಂದು ಹೋಗುತ್ತಿತ್ತು. ಹೊಲಿದ ಬೆಲ್ಟು ಟಪ್ ಟಪ್ ಎನ್ನುತ್ತಿತ್ತು. ಕಲ್ಲಮ್ಮನವರು ತಮ್ಮ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಸಿ ಹಿಟ್ಟನ್ನು ಅಂಗೈಯಲ್ಲಿ ತಿಕ್ಕಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: 'ಹಿರಿಯರಿಗೆ ಎಡೆ ಇಡೋಕೂ ಇದೇ ಹಿಟ್ಟಾ ಗಿಡ್ಡಯ್ಯ? ಅವರಿಗೆ ಹಲ್ಲೂ ಇಲ್ಲ ಕಣಪ್ಪ.'

ಹೆಂಗಸರು ನಕ್ಕರು. ಗಿಡ್ಡಯ್ಯ ಸ್ವಿಚ್ಚು ಒತ್ತಿ ಮೋಟಾರು ನಿಲ್ಲಿಸಿದ. ಕಲ್ಲು ತಿರುಗುವುದು ನಿಂತು ಶೆಡ್ಡೆಲ್ಲ ಸದ್ದಿಲ್ಲದಾಯಿತು. ಅವನು ಏನನ್ನೂ ಯೋಚಿಸಿರಲಿಲ್ಲ; ಮಾತು ತಾನಾಗಿ ಬಂತು.

'ಕಲ್ಲಮ್ನೋರೆ, ಎಲ್ರೂ ಕೇಳ್ರಿ. ಸೋಮವಾರದಿಂದ ನಾನು ಇಲ್ಲಿ ಇರಲ್ಲ. ಕೆಲ್ಸ ಬುಡ್ತಿದ್ದೀನಿ. ಇನ್ನೊಬ್ರು ಯಾವಾಗ ಬತ್ತಾರೋ ನಂಗೆ ಗೊತ್ತಿಲ್ಲ. ಹಿಟ್ಟು ಬೇಕಾದೋರು ಶನಿವಾರದೊಳಗೆ ತಂದ್ ಹಾಕಿಸ್ಕೊಂಡ್ ಹೋಗಿ. ತಿಂಗ್ಳಿಗಾಗೋವಷ್ಟು ಹಾಕಿಸ್ಕೊಳ್ಳಿ. ಬೀಸಿಕೊಡ್ತೀನಿ.'

ಯಾರೂ ನಗಲಿಲ್ಲ. ಕಲ್ಲಮ್ಮನವರು ಅಂಗೈಯ ಹಿಟ್ಟನ್ನು ಡಬ್ಬಕ್ಕೆ ಉದುರಿಸಿದರು. 'ನಾನು ಅಂದಿದ್ದಕ್ಕೇನೋ?' ಎಂದು ಮೆಲ್ಲಗೆ ಕೇಳಿದರು. ಗಿಡ್ಡಯ್ಯ ಮೋಟಾರು ಹಾಕಿದ.

ಆಮೇಲಿನ ದಿನಗಳಲ್ಲಿ ಇಡೀ ಮಾವಿನಕಟ್ಟೆಯೇ ಗಿರಣಿಯ ಮುಂದೆ ಇತ್ತು. ಕಣಜದಿಂದ ತೆಗೆದ ರಾಗಿಯನ್ನು ಚೀಲಗಟ್ಟಲೆ ಗಾಡಿಯಲ್ಲಿ ತಂದರು. ಕರೆಂಟು ಇದ್ದಷ್ಟು ಹೊತ್ತೂ ಅವನು ಕೂರಲಿಲ್ಲ. ಊಟವನ್ನು ಪುಟ್ಟಗಂಗಮ್ಮ ಅಲ್ಲಿಗೇ ತಂದಳು. ಅವಳು ಮೂಗಿಗೆ ಸೆರಗು ಅಡ್ಡ ಹಿಡಿದುಕೊಂಡು ಒಳಗೆ ಬಂದು, ಆ ದೂಳಿನಲ್ಲಿ ಅವನು ನಿಂತಿರುವುದನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. 'ಹೇಳಿದ್ದು ಒಳ್ಳೇದಾಯ್ತು ಬುಡಿ' ಎಂದಳು. ಅಷ್ಟೇ.

ಸುದ್ದಿ ಬಸ್ಸು ಹತ್ತಿ ತಿಪಟೂರಿಗೆ ಹೋಗದೆ ಇರುತ್ತದೆಯೇ? ಶುಕ್ರವಾರ ಮಧ್ಯಾಹ್ನ ಮಲ್ಲಿಕಾರ್ಜುನಯ್ಯನವರ ಕಾರು ಗಿರಣಿಯ ಮುಂದೆ ಬಂದು ನಿಂತಿತು. ಎಷ್ಟೋ ವರ್ಷದಿಂದ ಅವರು ತೋಟಕ್ಕೆ ಬಂದರೂ ಗಿರಣಿಯ ಒಳಗೆ ಕಾಲಿಟ್ಟಿರಲಿಲ್ಲ. ಈಗ ಬಿಳಿ ಪಂಚೆ ಎತ್ತಿ ಹಿಡಿದು, ಚೀಲಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದರು. ಎರಡು ಹೆಜ್ಜೆ ಇಡುವಷ್ಟರಲ್ಲಿ ಕೆಮ್ಮು ಬಂದು, ಮತ್ತೆ ಹೊರಗೆ ಹೋಗಿ ನಿಂತರು. ಗಿಡ್ಡಯ್ಯ ಮೋಟಾರು ನಿಲ್ಲಿಸಿ ಹೊರಗೆ ಬಂದ.

ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. 'ಏನೋ ಗಿಡ್ಡ, ಊರಿಗೆಲ್ಲ ಸಾರಿದ್ದೀಯಂತೆ. ನಂಗೊಂದ್ ಮಾತು ಹೇಳ್ಬಾರ್ದಿತ್ತಾ?'

ಗಿಡ್ಡಯ್ಯ ಕೈಗೆ ಅಂಟಿದ ಹಿಟ್ಟು ಒರೆಸಿಕೊಂಡ. 'ಹೇಳಿದ್ನಲ್ಲ ಯಜಮಾನ್ರೆ.'

'ಯಾವಾಗ್ ಹೇಳ್ದೆ?'

'ಮಂಡೀಲಿ ಹೇಳ್ದೆ. ಆಮೇಲೆ ಮನೇಗ್ ಬಂದು ಹೇಳ್ದೆ. ಹೆಗಲು ತೋರಿಸ್ದೆ. ಕಂಡಕ್ಟರ್ ಹತ್ರ ಹೇಳಿ ಕಳಿಸ್ದೆ.'

ಅವರು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದರು. ಗಿಡ್ಡಯ್ಯ ಅವರ ಮುಖವನ್ನೇ ನೋಡುತ್ತಿದ್ದ. ಸುಳ್ಳು ಹೇಳುತ್ತಿದ್ದಾರೆ ಎಂದು ಕಂಡಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

'ಹೆಗಲಿಗೇನೋ ಆಗಿತ್ತು ಅಂದಿದ್ದೆ, ಹೌದು,' ಎಂದರು ಕಡೆಗೆ. 'ಕೆಲ್ಸ ಬುಡೋ ಮಾತು ಬೇಜಾರಲ್ಲಿ ಅಂದೆ ಅಂತ ತಿಳ್ಕೊಂಡೆ ಕಣ್ಲಾ. ಇಷ್ಟ್ ವರ್ಷ ಇದ್ದೋನು ಹಿಂಗೆ ಹೋಗ್ತಾನಾ ಯಾರಾದ್ರೂ? ಹಬ್ಬ ಕಳೀಲಿ, ಮಂಡಿಗೆ ಬಾ, ಕೂತ್ ಮಾತಾಡೋಣ. ಬೆಲ್ಟು ತರ್ಸೋಣ.'

'ಇನ್ ಮಾತಿಲ್ಲ ಯಜಮಾನ್ರೆ. ಶನಿವಾರ ಬೀಗ ಹಾಕ್ತೀನಿ.'

ಇಷ್ಟು ವರ್ಷ ನುಂಗಿದ್ದೆಲ್ಲವನ್ನೂ ಅಲ್ಲಿಯೇ ಹೇಳಿಬಿಡಬೇಕು ಎನಿಸಿತು. ಆದರೆ ಹೇಳಿದರೆ ಕೇಳಿಸಿಕೊಳ್ಳುವವರು ಯಾರು? ಒಳಗೆ ಹೋಗಿ ಮೋಟಾರು ಹಾಕಿದ. ಕಾರು ಹೊರಟ ಸದ್ದು ಅವನಿಗೆ ಕೇಳಿಸಲಿಲ್ಲ. ಶನಿವಾರ ಕೊನೆಯ ಡಬ್ಬ ಬೀಸಿ, ಶೆಡ್ಡು ಗುಡಿಸಿ, ಬೀಗ ಹಾಕಿ, ತೋಟ ನೋಡಿಕೊಳ್ಳುತ್ತಿದ್ದ ಕೆಂಚಯ್ಯನ ಕೈಗೆ ಬೀಗದಕೈ ಕೊಟ್ಟ. ಭಾನುವಾರ ಗಂಡ ಹೆಂಡತಿ ತುರುವೇಕೆರೆಗೆ ಹೋದರು.

ಅಲ್ಲಿಯ ಕೆಲಸ ಅವನು ಎಣಿಸಿದಷ್ಟು ಸುಲಭವಾಗಿರಲಿಲ್ಲ. ತಿಮ್ಮಯ್ಯ ಭಾವನಾಗಿ ಒಳ್ಳೆಯವನು, ಯಜಮಾನನಾಗಿ ಸ್ವಲ್ಪ ಸಿಡುಕ. ಆದರೂ ಎದೆಗೆ ದೂಳು ಹೋಗುತ್ತಿರಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಕೆಮ್ಮು ಅರ್ಧಕ್ಕರ್ಧ ನಿಂತಿತು. ಮಾವಿನಕಟ್ಟೆಯ ಸುದ್ದಿ ಮಾತ್ರ ಬಂದಾಗಲೆಲ್ಲ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಗಿರಣಿ ಬೀಗ ಹಾಕಿಯೇ ಇತ್ತು. ಬೀಸಿಟ್ಟ ಹಿಟ್ಟಿಗೆ ಹುಳು ಬಿದ್ದಿತ್ತು. ಹೆಂಗಸರು ತಲೆಯ ಮೇಲೆ ರಾಗಿ ಹೊತ್ತು ಹೊನ್ನವಳ್ಳಿಗೆ ನಡೆಯುತ್ತಿದ್ದರು, ನಡೆಯುತ್ತ ಗಿಡ್ಡಯ್ಯನನ್ನೇ ಬೈಯುತ್ತಿದ್ದರು. ಮಲ್ಲಿಕಾರ್ಜುನಯ್ಯನವರನ್ನು ಬೈದರು ಎಂದು ಯಾರೂ ಹೇಳಲಿಲ್ಲ.

ಬೇಸಿಗೆಯಲ್ಲಿ ಮಂಡಿಯಿಂದ ತಿಪ್ಪಯ್ಯ ತುರುವೇಕೆರೆಗೆ ಬಂದ. ಗಿರಣಿಗೆ ಚಿಕ್ಕನಾಯಕನಹಳ್ಳಿ ಕಡೆಯವನೊಬ್ಬ ಬಂದಿದ್ದಾನೆ, ಈಗ ಮೋಟಾರು ಸುಟ್ಟಿದೆ, ಯಜಮಾನರು ನಿನ್ನನ್ನೇ ಕರೆದುಕೊಂಡು ಬಾ ಎಂದರು ಎಂದ. ಪುಟ್ಟಗಂಗಮ್ಮ ಬೇಡ ಎಂದಳು. ತಿಮ್ಮಯ್ಯ, ಗಿರಾಕಿ ಗಿರಾಕಿಯೇ, ಹೋಗು ಎಂದ. ಗಿಡ್ಡಯ್ಯ ಹೋದ.

ಶೆಡ್ಡಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಕಾಲಿಟ್ಟವನು ಹಾಗೆಯೇ ನಿಂತ. ಎದುರಿನ ಗೋಡೆಯಲ್ಲಿ ಅಗಲವಾದ ಕಿಟಕಿ, ಬೆಳಕು ಒಳಗೆಲ್ಲ ಬಿದ್ದಿತ್ತು. ಗಾಲಿಯ ಮೇಲೆ ಹೊಚ್ಚ ಹೊಸ ಬೆಲ್ಟು. ಹೊಸಬ ಕಲ್ಲು ಎತ್ತಿ ತೋರಿಸಿದ. ಉಳಿಯ ಗುರುತು ಇನ್ನೂ ಚೂಪಾಗಿತ್ತು. ಅವನು ಒಳ್ಳೆಯ ಹುಡುಗನೇ. 'ಇದನ್ನೆಲ್ಲ ಯಾವಾಗ ಮಾಡಿಸಿದ್ರು?' ಎಂದು ಗಿಡ್ಡಯ್ಯ ಕೇಳಿದ.

'ನಾನು ಬರೋಕ್ ಮುಂಚೇನೆ ಮಾಡಿಸಿದ್ರು ಕಣಣ್ಣ. ಇದಿಲ್ದಿದ್ರೆ ಬರಲ್ಲ ಅಂದ್ರಂತೆ ಕರೆದೋರೆಲ್ಲ.'

ಹೊರಗೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು, ಈ ಹುಡುಗನ ಕೈಯ ಹಿಟ್ಟು ಎಷ್ಟು ನುಣುಪು ಎಂದು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಗಿಡ್ಡಯ್ಯ ನೆಲದಲ್ಲಿ ಕೂತು ಮೋಟಾರು ಬಿಚ್ಚಲು ತೊಡಗಿದ. ಬೋಲ್ಟನ್ನು ಬಿರುಸಾಗಿ ತಿರುಗಿಸಿ ಎರಡು ಬಾರಿ ಬೆರಳು ಜಜ್ಜಿಕೊಂಡ. ಸುಟ್ಟ ಮೋಟಾರನ್ನು ಗೋಣಿಯಲ್ಲಿ ಸುತ್ತಿ, ಹೊಸಬನ ಜೊತೆ ಹಿಡಿದು ಬಸ್ಸಿಗೆ ಏರಿಸಿದ.

ಅದೇ ಬಸ್ಸಿನಲ್ಲಿ ಕಲ್ಲಮ್ಮನವರು ಕೂತಿದ್ದರು. ತಾನು ಊರು ಬಿಟ್ಟಾಗಿನಿಂದ ಅವರು ತನ್ನ ಹೆಸರನ್ನೇ ಎತ್ತಿಲ್ಲ ಎಂದು ಗಿಡ್ಡಯ್ಯ ಕೇಳಿದ್ದ. ಅವನು ಮುಖ ತಿರುಗಿಸಿ ನಿಂತ. ಹೊನ್ನವಳ್ಳಿ ದಾಟುವವರೆಗೆ ಅವರೂ ಕಿಟಕಿಯ ಕಡೆಗೇ ನೋಡುತ್ತಿದ್ದರು.

ಆಮೇಲೆ ಸೆರಗು ಎಳೆದುಕೊಂಡು ಜಾಗ ಮಾಡಿ, 'ಕೂತ್ಕೊ ಬಾ' ಎಂದರು. 'ನಮ್ ತೋಟದ್ ಬೋರು ನೀರೆತ್ತಲ್ಲ ಕಣಪ್ಪ ಗಿಡ್ಡಯ್ಯ. ಗುಂಯ್ ಅಂತ ಸದ್ ಬತ್ತದೆ, ನೀರಿಲ್ಲ. ಸಸಿಗಳೆಲ್ಲ ಬಾಡ್ತಾ ಅವೆ.'

ಗಿಡ್ಡಯ್ಯ ಅವರ ಪಕ್ಕ ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಇದ್ದ. ಸಿಟ್ಟು ಇನ್ನೂ ಆರಿರಲಿಲ್ಲ.

'ಶುಕ್ರವಾರ ಬತ್ತೀನಿ ಕಲ್ಲಮ್ನೋರೆ,' ಎಂದ. 'ಅಲ್ಲೀಗಂಟ ಮೋಟಾರ್ ಹಾಕ್ಬ್ಯಾಡಿ. ಸುಟ್ಟೋಗ್ತದೆ.'